ಸೆರಗು ಸರಿಸಿ ಕೇಳಿದ ಹಾಡು

ಹೊನ್ನಾಳಿ,
೧೭-೧೧-೨೦೨೫, ಸೋಮವಾರ ಬೆಳಿಗ್ಗೆ

ಚಿ. ಸೌ. ಮಮತಾಳಿಗೆ,

ನಿನ್ನ ಅತ್ತೆ ಹಾಲಮ್ಮನ ಆಶೀರ್ವಾದ. ಇಲ್ಲಿ ಮನೆ, ಮಿಲ್ಲು, ದನಕರು ಎಲ್ಲ ಸುಸೂತ್ರವಾಗಿವೆ. ಅಲ್ಲಿ ನೀನು ಹೇಗಿದ್ದೀಯ ಎಂಬುದನ್ನು ಮಾತ್ರ ಗುರುಬಸವರಾಜನ ಬಾಯಿಂದ ತಿಳಿಯಬೇಕಾಗಿದೆ. ಅವನೋ, ಹೆಂಡತಿ ಹೇಗಿದ್ದಾಳೆ ಎಂದರೆ "ಅದಾಳವ್ವ, ಆರಾಮ" ಎಂದು ಬೈಕು ಹತ್ತುತ್ತಾನೆ. ಕಾಲಿನ ಬಾವು ಇಳಿಯಿತೋ ಇಲ್ಲವೋ, ಬಿ.ಪಿ. ಎಷ್ಟಿದೆ, ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದ್ದನ್ನು ನಿಮ್ಮ ತಾಯಿ ನಡೆಸುತ್ತಿದ್ದಾರೋ ಅಥವಾ ಮಗಳ ಮುಖ ನೋಡಿ ಉಪ್ಪಿನಕಾಯಿ ಬಡಿಸುತ್ತಿದ್ದಾರೋ, ಇದನ್ನೆಲ್ಲ ನೀನೇ ನನಗೆ ತಿಳಿಸಬೇಕು. ಎಡ ಮಗ್ಗುಲಿಗೆ ಮಲಗು. ಬೆಳಗಿನ ಹೊತ್ತು ಬರಿಹೊಟ್ಟೆಯಲ್ಲಿ ಕಾಫಿ ಬೇಡ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನಬೇಡ. ನಿಮ್ಮ ತಾಯಿ ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆ ಕಟ್ಟೆಯ ಮೇಲೆ ಇಡುತ್ತಾರೆ. ಜಗಳೂರಿನ ಅರ್ಧ ಓಣಿಗೆ ಕೇಳುವಂತೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಅದಕ್ಕೇ ಕಾಗದ. ಬುಧವಾರ ಗುರು ಬರುವಾಗ ಇದನ್ನೂ, ನಿನ್ನೆಯ ಹಾಡು ತುಂಬಿದ ನಿನ್ನ ಮೆಮೊರಿ ಕಾರ್ಡನ್ನೂ ತರುತ್ತಾನೆ.

ಎರಡು ತಿಂಗಳ ಹಿಂದೆ ಕುಬುಸದ ಊಟ ಮುಗಿಸಿ ನೀನು ತವರಿಗೆ ಹೊರಟಾಗ ನಾನು ಪಡಸಾಲೆಯಲ್ಲಿ ಏನು ಹೇಳಿದೆ ಎಂಬುದು ನಿನಗೆ ನೆನಪಿದೆ. ನನಗೂ ನೆನಪಿದೆ. "ಆ ಕಿವಿ ಆಟದ ಸಾಮಾನು ಅಟ್ಟದ ಮ್ಯಾಲೆ ಹಾಕಿ ಹೋಗು, ಮಗು ಬಂದ ಮ್ಯಾಲೆ ಇದಕ್ಕೆಲ್ಲ ಹೊತ್ತು ಇರಾದಿಲ್ಲ" ಎಂದೆ. ಅಷ್ಟು ಜನ ಬೀಗರು ಕೂತಿದ್ದರು. ನೀನು ಸ್ಟೂಲು ಹಾಕಿಸಿ, ಗುರುವಿನ ಕೈಯಲ್ಲಿ ನಿನ್ನ ರೆಕಾರ್ಡಿಂಗ್ ಮೈಕಿನ ಡಬ್ಬಿಯನ್ನು ಅಟ್ಟಕ್ಕೆ ಇಡಿಸಿ, ನನ್ನ ಕಾಲಿಗೆ ನಮಸ್ಕಾರ ಮಾಡಿ ಕಾರು ಹತ್ತಿದೆ. ಅವತ್ತಿನಿಂದ ನನಗೆ ನೇರವಾಗಿ ನಿನ್ನದೊಂದು ಫೋನೂ ಇಲ್ಲ. ಏನಿದ್ದರೂ ಗುರುವಿಗೆ, ಅವನಿಂದ ನನಗೆ. ನಾನು ಅದನ್ನು ಗಮನಿಸಿಲ್ಲ ಎಂದುಕೊಂಡಿದ್ದರೆ ತಪ್ಪು.

ಹೋದ ವಾರ ನೀನು ಅವನೊಂದಿಗೆ ಮಾತಾಡುವಾಗ ನಾನು ಅಲ್ಲೇ ಮೊರ ಹಿಡಿದು ಕೂತಿದ್ದೆ. ತತ್ವಪದ ಹಾಡುವ ಯರ್ರಿಸ್ವಾಮಿಯವರ ಗಂಟಲಿನಲ್ಲಿ ಗಂಟು ಬೆಳೆದಿದೆ, ಇಪ್ಪತ್ತೆರಡಕ್ಕೆ ದಾವಣಗೆರೆಯಲ್ಲಿ ಆಪರೇಷನ್, ಆಮೇಲೆ ಧ್ವನಿ ಹೇಗಿರುತ್ತದೋ ಡಾಕ್ಟರಿಗೂ ಗೊತ್ತಿಲ್ಲ ಎಂದು ನೀನು ಹೇಳಿದ್ದು ನನಗೂ ಕೇಳಿತು. ಅವರು ಎಪ್ಪತ್ತೊಂಬತ್ತು ವರ್ಷ ಯಾವ ರೆಕಾರ್ಡಿಂಗಿಗೂ ಒಪ್ಪಿದವರಲ್ಲ. ಎದುರಿಗೆ ಕಬ್ಬಿಣದ ಗೂಟ ನೆಟ್ಟರೆ ಯಾರ ಮುಖ ನೋಡಿ ತತ್ವಪದ ಹಾಡಲಿ ಎನ್ನುತ್ತಿದ್ದರಂತೆ. ನಿನಗೆ ಅವರು ಒಪ್ಪಿದ್ದು, ನಿನ್ನ ಮೈಕು ಗೂಟದ ಮೇಲೆ ಇರುವುದಿಲ್ಲ, ಕೂತು ಕೇಳುವವರ ಕಿವಿಯಲ್ಲೇ ಇರುತ್ತದೆ ಎಂದು. "ಒಬ್ರು ಕುಂತು ಕೇಳಾಕೆ ನಾನು ಬ್ಯಾಡ ಅನ್ನಾಕಾಗ್ತತಾ" ಎಂದರಂತೆ. ಹಾಡುವುದಾದರೆ ನಮ್ಮ ಮಿಲ್ಲಿನೊಳಗೇ ಎಂದೂ ಹಟ ಹಿಡಿದರು. ಅವರ ಗುರುಗಳು ನನ್ನ ಮಾವನವರ ಕಾಲದಲ್ಲಿ ಅಲ್ಲಿ ಧ್ವನಿವರ್ಧಕವಿಲ್ಲದೆ ಹಾಡಿದ್ದರಂತೆ. ಎಲ್ಲ ಗೊತ್ತು ಮಾಡಿದವಳು ನೀನು. ದಿನ ಹತ್ತಿರ ಬಂದಾಗ ಮಂಚ ಬಿಟ್ಟು ಇಳಿಯಬೇಡ ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ನಿನ್ನ ಬದಲು ಗುರು ಕೂರಲಿ ಎಂದೆ ನೀನು. ಅವನು ಹತ್ತು ನಿಮಿಷ ಒಂದು ಕಡೆ ಕೂತದ್ದನ್ನು ಹೆತ್ತ ನಾನೇ ನೋಡಿಲ್ಲ. ಮೇಲಾಗಿ ಅವನಿಗೆ ನೆಗಡಿ. ಅವನ ಮೂಗಿನ ಸದ್ದನ್ನು ಲೋಕಕ್ಕೆಲ್ಲ ಕೇಳಿಸುವುದು ಬೇಡ, ನಾನು ಕೂರುತ್ತೇನೆ ಎಂದೆ. ನಮ್ಮ ಮಿಲ್ಲಿನಲ್ಲಿ ಆಗುವ ಕೆಲಸ ಅರ್ಧ ಆಗಬಾರದು, ಅಷ್ಟೇ ನನ್ನ ಲೆಕ್ಕ. ಬೇರೆ ಅರ್ಥ ಮಾಡಿಕೊಳ್ಳಬೇಡ.

ಡಬ್ಬಿಯನ್ನು ಅಟ್ಟದಿಂದ ನಾನೇ ಇಳಿಸಿದೆ. ಧೂಳು ಒರೆಸಿ ತೆರೆದರೆ ಒಳಗೆ ಕಡಲೆಕಾಳಿನ ಗಾತ್ರದ ಎರಡು ಮೈಕು, ಒಂದಕ್ಕೆ ಕೆಂಪು ದಾರ, ಒಂದಕ್ಕೆ ಕಪ್ಪು ದಾರ, ಅಂಗೈಯಷ್ಟು ಪೆಟ್ಟಿಗೆ, ಅದರ ಮೇಲೆ ನಿನ್ನ ಅಚ್ಚುಕಟ್ಟಾದ ಅಕ್ಷರದ ಚೀಟಿ. ಎಡಗಿವಿಗೆ ಕಪ್ಪು, ಬಲಗಿವಿಗೆ ಕೆಂಪು. ತಲೆ ಅಲುಗಿಸಿದರೆ ಕೇಳುವವರಿಗೆ ಇಡೀ ಕಚೇರಿಯೇ ತಿರುಗಿದಂತಾಗುತ್ತದೆ, ಕೂತವರ ಎರಡು ಕಿವಿ ಕೇಳಿದಂತೆಯೇ ಹೆಡ್‌ಫೋನ್ ಹಾಕಿದವರಿಗೂ ಕೇಳುತ್ತದೆ, ಆದ್ದರಿಂದ ಕಲ್ಲಿನಂತೆ ಕೂರಬೇಕು, ಕಿವಿಯ ಮೇಲೆ ಏನನ್ನೂ ಹಾಕಬಾರದು. ಇದನ್ನು ಮೂರು ಸಲ ಓದಿದೆ. ಶನಿವಾರ ಒಂದು ಸಲ ಹಾಕಿಕೊಂಡು ಪರೀಕ್ಷೆ ಮಾಡಿ ಎಂದು ನೀನು ಗುರುವಿನ ಮೂಲಕ ಹೇಳಿಸಿದಾಗ ಬೇಡ ಎಂದವಳೂ ನಾನೇ. ಎಪ್ಪತ್ತನಾಲ್ಕನೇ ಇಸವಿಯಲ್ಲಿ ನ್ಯಾಮತಿ ಹೈಸ್ಕೂಲಿನಲ್ಲಿ ಎಸ್.ಎಸ್.ಎಲ್.ಸಿ. ಫಸ್ಟ್ ಕ್ಲಾಸು ಮಾಡಿದವಳಿಗೆ ಎಡ ಯಾವುದು ಬಲ ಯಾವುದು ಎಂದು ಪರೀಕ್ಷೆ ಬೇಕಿಲ್ಲ ಎಂದೆ. ಆ ಮಾತು ಆಡಬಾರದಿತ್ತು. ಯಾಕೆಂದು ಮುಂದೆ ಬರೆಯುತ್ತೇನೆ.

ಭಾನುವಾರ ಹತ್ತಕ್ಕೆ ಸರಿಯಾಗಿ ಶುರುವಾಯಿತು. ಹೊಸ ಭತ್ತ ಇನ್ನೂ ಬಂದಿಲ್ಲವಾದ್ದರಿಂದ ಮಿಲ್ಲಿನ ಒಳಗೆ ಜಾಗ ವಿಶಾಲವಾಗಿತ್ತು. ಶನಿವಾರವೇ ತೌಡು ಗುಡಿಸಿ, ನೀರು ಚಿಮುಕಿಸಿ, ಜಮಖಾನ ಹಾಸಿಸಿದ್ದೆ. ಎಪ್ಪತ್ತು ಜನ ಆಗಿದ್ದರು. ಸವಳಂಗದಿಂದ ಬಸ್ಸಿನಲ್ಲಿ ಬಂದವರಿದ್ದರು, ಉಬ್ರಾಣಿಯ ಭಜನೆ ಮೇಳದ ಆರು ಜನ ಸಾಲಾಗಿ ಕೂತಿದ್ದರು. ಯರ್ರಿಸ್ವಾಮಿಯವರು ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಏಕತಾರಿ ಹಿಡಿದರು, ಅವರ ಮಗ್ಗುಲಿಗೆ, ನನ್ನ ಎಡಕ್ಕೆ ಬರುವಂತೆ, ನ್ಯಾಮತಿಯ ತಬಲಾದವರು. ನೀನು ಹೇಳಿದ್ದಂತೆ ಗುರು ಎಂಟು ಅಡಿ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ. ನಾನು ಕೊರಳಿನ ಸರ ಬಿಚ್ಚಿಟ್ಟು, ಮೈಕುಗಳನ್ನು ಕಿವಿಗೆ ಇಟ್ಟುಕೊಂಡು, ಪೆಟ್ಟಿಗೆಯನ್ನು ಮಡಿಲಲ್ಲಿ ಇರಿಸಿ, ಕೆಂಪು ದೀಪ ಹತ್ತಿತೋ ಎಂದು ಎರಡು ಸಲ ನೋಡಿ ಕೂತೆ. ಅಷ್ಟರಲ್ಲಿ ನಿನ್ನ ದೊಡ್ಡಮಾವ, ನನ್ನ ಭಾವನವರು ಮಹೇಶ್ವರಪ್ಪ ಬಂದರು. ಅವರಿಗೆಂದು ಮುಂದೆ ಬಲಗಡೆ ಕುರ್ಚಿ ಹಾಕಿಸಿದ್ದೆ.

ಮಮತಾ, ಆ ಒಂದು ಗಂಟೆ ಹತ್ತು ನಿಮಿಷ ನಾನು ಹೇಗೆ ಕೂತಿದ್ದೆ ಎಂದು ನೀನು ನೋಡಬೇಕಿತ್ತು. ಮಂಡಿ ಹಿಡಿದರೂ ಕಾಲು ಬದಲಿಸಲಿಲ್ಲ. ನೊಣ ಕೂತರೂ ಓಡಿಸಲಿಲ್ಲ. ಚನ್ನಗಿರಿಯಿಂದ ಬಂದಿದ್ದ ನಾದಿನಿ ಪ್ರಮೀಳಾ ಮಧ್ಯದಲ್ಲಿ ಬಂದು ಪಕ್ಕದಲ್ಲಿ ಕೂತು ಮಾತಾಡಿಸಿದಳು, ನಾನು ಕಣ್ಣು ಸಹ ತಿರುಗಿಸಲಿಲ್ಲ. "ಅಲ್ಲ ಅತ್ತಿಗೆ, ಕಿವಿಗೆ ಬೆಣೆ ಹೊಡಕಂಡಿರಾದು ಕಾಣ್ತತೆ, ಬಾಯಿಗೂ ಹೊಡಕಂಡೀರೇನು" ಎಂದಳು. ಇಷ್ಟು ವರ್ಷದಲ್ಲಿ ಅವಳ ಮಾತಿಗೆ ನಾನು ತಿರುಗಿ ಕೊಡದೆ ಬಿಟ್ಟದ್ದು ಅದೇ ಮೊದಲು. ಮನಸ್ಸಿನೊಳಗೆ, ಸೊಸೆಗಿಂತ ಒಂದು ಕೈ ಮೇಲೆಯೇ ಈ ಕೆಲಸ ಮಾಡಿದೆ ಎಂಬ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅರ್ಧಕ್ಕೆ ಚಹಾ ಬಂದಾಗ ಗುರು ಪೆಟ್ಟಿಗೆ ಇಸಿದುಕೊಂಡು ಹೆಡ್‌ಫೋನ್ ಹಾಕಿ ಕೇಳಿದ. ಕೇಳುತ್ತಿದ್ದಂತೆ ಅವನ ಮುಖ ಇಳಿಯಿತು. "ಅವ್ವ, ಇದು ಯರ್ರಿಸ್ವಾಮ್ಯಾರನ್ನ ಗೋಣಿಚೀಲದಾಗೆ ಕುಂದ್ರಿಸಿ ಹಾಡಿಸಿದಂಗೆ ಐತೆ" ಎಂದ. ಕೊಡು ಇಲ್ಲಿ ಎಂದು ನಾನೇ ಹಾಕಿಕೊಂಡೆ. ಹಾಪರಿಗೆ ಭತ್ತ ಸುರಿದಂತೆ ಬರೀ ಸರಬರ ಸರಬರ. ಅದರ ಹಿಂದೆ ಎಲ್ಲೋ, ಪಕ್ಕದ ಮನೆಯಲ್ಲಿ ಯಾರೋ ಹಾಡುತ್ತಿದ್ದಂತೆ ಅವರ ಧ್ವನಿ. ಯಂತ್ರ ಕೆಟ್ಟಿದೆ ಎಂದೆ. ನೀನು ಗುಂಡಿ ತಪ್ಪು ಒತ್ತಿದ್ದೀಯ ಎಂದು ಗುರುವನ್ನು ಬೈದೆ. ಸರಿಯಾಗಿ ಹೇಳಿಕೊಡಲಿಲ್ಲ ಎಂದು ಮನಸ್ಸಿನಲ್ಲಿ ನಿನ್ನನ್ನೂ ಬೈದೆ. ಬೈಯುತ್ತಲೇ ತಲೆಯ ಮೇಲೆ ಸೆರಗು ಜಾರಿತೆಂದು ಸರಿಮಾಡಿಕೊಂಡೆ ನೋಡು, ಕಿವಿಯ ಹತ್ತಿರ ಅದೇ ಸದ್ದು. ಸರಬರ.

ಭಾವನವರು ಬಂದದ್ದು ಕಂಡೊಡನೆ ನಾನು ಸೆರಗು ಹೊದ್ದಿದ್ದೆ. ಹೊದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ಕಿವಿಯ ಮೇಲೆ ಏನೂ ಹಾಕಬಾರದು ಎಂದು ಚೀಟಿಯಲ್ಲಿ ಓದಿದಾಗ ಸ್ಕಾರ್ಫು, ಶಾಲು ಎಲ್ಲ ನೆನಪಾದವು. ಸೆರಗು ನೆನಪಾಗಲಿಲ್ಲ. ನಲವತ್ತೆಂಟು ವರ್ಷ ಆ ಹಿರಿಯರ ಮುಂದೆ ತಲೆ ಮುಚ್ಚಿಕೊಂಡೇ ಓಡಾಡಿದವಳಿಗೆ ಅದು ಹಾಕಿಕೊಳ್ಳುವ ವಸ್ತು ಅಲ್ಲ, ತಲೆಯ ಚರ್ಮವೇ. ಶನಿವಾರ ಪರೀಕ್ಷೆ ಮಾಡಿದ್ದರೆ ತಿಳಿಯುತ್ತಿತ್ತೋ ಏನೋ. ಒಬ್ಬ ಮನುಷ್ಯ ಗಂಟಲು ಕೊಯ್ಯಿಸಿಕೊಳ್ಳುವ ಮುಂಚೆ ಹಾಡಿದ ಒಂದು ಗಂಟೆ ಹತ್ತು ನಿಮಿಷದ ಹಾಡನ್ನು ನಾನು ಸೆರಗಿನಲ್ಲಿ ಒರೆಸಿ ಹಾಕಿದ್ದೆ. ಅದರಲ್ಲಿ ನಿನ್ನ ತಂದೆಗೆ ಪ್ರಿಯವಾದ ಭೈರವಿಯ ಪದವೂ ಇತ್ತು. ನೀನು ಚಿಕ್ಕವಳಿದ್ದಾಗ ಜಗಳೂರಿನ ನಿಮ್ಮ ಜಗುಲಿಯಲ್ಲಿ ಯರ್ರಿಸ್ವಾಮಿಯವರ ಬಾಯಲ್ಲೇ ಕೇಳಿದ್ದು, ಇದೊಂದು ಸಿಕ್ಕರೆ ಸಾಕು ಎಂದು ನೀನು ಗುರುವಿಗೆ ಹೇಳಿದ್ದು.

ಚಹಾದ ಲೋಟ ಅಲ್ಲೇ ಇಟ್ಟು ನೇರವಾಗಿ ಯರ್ರಿಸ್ವಾಮಿಯವರ ಹತ್ತಿರ ಹೋದೆ. ಅವರು ಜೀರಿಗೆ ಕಷಾಯ ಕುಡಿಯುತ್ತಿದ್ದರು. ನನ್ನಿಂದ ತಪ್ಪಾಯಿತು ಎಂದೆ. ಈ ಮಾತನ್ನು ನಾನು ಕೊನೆಯ ಸಲ ಯಾವಾಗ ಆಡಿದ್ದೆ ಎಂದು ನನಗೇ ನೆನಪಿಲ್ಲ. ಅವರು ಪೂರ್ತಿ ಕೇಳಿಸಿಕೊಂಡು ನಕ್ಕುಬಿಟ್ಟರು. "ಹೋಗ್ಲಿ ಬಿಡವ್ವ, ಮೊದಲರ್ಧ ಬರೇ ಗಂಟಲು ಕಾಯಿಸಾದ್ರಾಗೇ ಹೋತು. ಆ ಹುಡುಗಿ ಪದ ಮತ್ತೊಂದ್ಸಲ ಹಾಡ್ತೀನಿ. ನೀವು ಕಿವಿ ತಕ್ಕಂಡು ಕುಂದ್ರಿ" ಎಂದರು. ಹುಡುಗಿ ಎಂದರೆ ನೀನು.

ಕಿವಿ ತೆರೆದು ಕೂರಬೇಕೆಂದರೆ ಭಾವನವರ ಎದುರಿಗೆ ತಲೆಯ ಸೆರಗು ತೆಗೆದು ಕೂರಬೇಕು. ಗುರುತು ಬಿಟ್ಟು ಹಿಂದೆ ಸರಿದರೆ ಹಾಡು ದೂರವಾಗುತ್ತದೆ. ಹೇಳದೆ ಕೇಳದೆ ಸೆರಗು ಇಳಿಸುವುದು ನನ್ನಿಂದಾಗದು. ಅವರೊಂದಿಗೆ ನಾನು ಬಾಗಿಲ ಮರೆಯಿಂದಲ್ಲದೆ ಮಾತಾಡಿದವಳೇ ಅಲ್ಲ. ಆದರೂ ಕುರ್ಚಿಯ ಹತ್ತಿರ ಹೋಗಿ ನಿಂತು, "ಭಾವಾರೇ, ಇನ್ನೊಂದು ತಾಸು ನನ್ನ ತಲಿಮ್ಯಾಲೆ ಸೆರಗು ಇರಾದಿಲ್ಲ. ಹಾಡು ಹಿಡಿಯಾಕೆ ಅಡ್ಡ ಆಗ್ತತೆ" ಎಂದೆ. ಅವರು ಕಿವಿಗೆ ಕೈ ಹಚ್ಚಿ, ಏನಂದ್ಲೋ ಎಂದು ಗುರುವನ್ನು ಕೇಳಿದರು. ನಿನ್ನ ಗಂಡನಿಗೆ ಮೆಲ್ಲಗೆ ಹೇಳುವುದು ಗೊತ್ತಿದ್ದರೆ ತಾನೆ. ಅವನು ಇಡೀ ಮಿಲ್ಲಿಗೆ ಕೇಳುವಂತೆ, "ದೊಡ್ಡಪ್ಪ, ಅವ್ವ ಸೆರಗು ತಗೀತಾಳಂತೆ" ಎಂದು ಕೂಗಿದ. ನೆಲ ಬಾಯಿ ಬಿಡಬಾರದೇ ಅನಿಸಿತು. ಭಾವನವರು, "ತಗೀಲಿ ಬಿಡಪ್ಪ. ಕಣ್ಣಿಗೆ ಪೊರೆ ಬಂದು ಆರು ವರ್ಷ ಆತು, ನನಗೆ ಸೆರಗೂ ಒಂದೇ ಗ್ವಾಡೇನೂ ಒಂದೇ. ನಾನಿದೀನಂತ ಈಕಿ ಇನ್ನೂ ಹೊದಿತಾಳೇನು" ಎಂದರು. ಜನ ನಕ್ಕರು. ಪ್ರಮೀಳಾ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ನಗಲಿಲ್ಲ. ಸೆರಗನ್ನು ಭುಜಕ್ಕೆ ಇಳಿಸಿ ಸೊಂಟಕ್ಕೆ ಸಿಕ್ಕಿಸಿ ಗುರುತಿನ ಮೇಲೆ ಕೂತೆ.

ಆಮೇಲಿನದನ್ನು ಬರೆಯಲು ನನಗೆ ಬರುವುದಿಲ್ಲ, ನೀನೇ ಕೇಳುತ್ತೀಯ. ಕತ್ತಿನ ಹಿಂದೆ ಗಾಳಿ ಆಡುವುದು ಮೊದಲು ಹೊಸದೆನಿಸಿತು. ಆಮೇಲೆ ಏಕತಾರಿಯ ತಂತಿ ಒಂದೊಂದು ಮೀಟಿಗೂ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಕೇಳಿಸಿತು. ಮೇಲೆ ತೊಲೆಯಲ್ಲಿ ಪಾರಿವಾಳ, ಬಲಗಡೆ ಭಾವನವರ ಉಸಿರು, ಎಡಗಡೆ ತಬಲಾ, ಬೆನ್ನ ಹಿಂದೆ ಉಬ್ರಾಣಿಯವರು ಸದ್ದಿಲ್ಲದೆ ಹಾಕುತ್ತಿದ್ದ ತಾಳ. ಯರ್ರಿಸ್ವಾಮಿಯವರು ಒಂದು ಸಾಲು ಹಾಡಿ ನಿಲ್ಲಿಸಿದರೆ ಎದುರಿನ ಗೋಡೆ ಅದನ್ನು ಹಿಂದಿರುಗಿಸಿ ಕೊಡುತ್ತಿತ್ತು. ನಾನು ಸೊಸೆಯಾಗಿ ಬಂದ ದಿನದಿಂದ ಆ ಮಿಲ್ಲಿನೊಳಗೆ ಓಡಾಡಿದ್ದೇನೆ, ಅದಕ್ಕೆ ಹೀಗೊಂದು ದನಿ ಇದೆ ಎಂದು ತಿಳಿದಿರಲಿಲ್ಲ. ಭೈರವಿಯ ಪದದ ನಡುವೆ ಅವರ ಗಂಟಲು ಒಂದು ಸಲ ಹಿಡಿಯಿತು. ಅಲ್ಲಿ ಗುಟುಕು ನುಂಗಿದ ಸದ್ದು ದೊಡ್ಡದಾಗಿ ಕೇಳುತ್ತದೆ, ಅದು ನಾನು, ಅದಕ್ಕೆ ಏನೂ ಮಾಡಲಾಗದು. ಅವರು ಕಣ್ಣು ಮುಚ್ಚಿ, ಮೊದಲಿಗಿಂತ ಕೆಳಗಿನ ಸ್ವರದಿಂದ ಅದೇ ಸಾಲನ್ನು ಎತ್ತಿಕೊಂಡು ಮೇಲೆ ಹೋದರು. ಮುಗಿದ ಮೇಲೆ ಏಕತಾರಿಯನ್ನು ನೆಲಕ್ಕೆ ಇಡುತ್ತ, ಆಪರೇಷನ್ ಆಗಿ ಮೂರು ತಿಂಗಳಿಗೆ ಇದೇ ಜಾಗದಲ್ಲಿ ಇನ್ನೊಮ್ಮೆ ಕೂರುತ್ತೇನೆ, ಧ್ವನಿ ಹೇಗಿದ್ದರೂ ಸರಿ ಎಂದರು. ಆಗ ನಿನ್ನ ಮಗುವಿಗೂ ಎರಡು ತಿಂಗಳು ದಾಟಿರುತ್ತದೆ.

ಜನ ಏಳುವಾಗ ಗುರು ತನ್ನ ಫೋನಿನಲ್ಲಿ ನೀನು ಹಿಂದೆ ಮಾಡಿದ ಒಂದು ರೆಕಾರ್ಡಿಂಗನ್ನು ಭಾವನವರಿಗೆ ಹೆಡ್‌ಫೋನ್ ಹಾಕಿ ಜೋರಾಗಿ ಕೇಳಿಸಿದ. ಅವರು ಗೌರವಕ್ಕೆ ಕುರ್ಚಿಯಲ್ಲಿ ಕೂತು ಎದ್ದವರು, ಹಾಡು ಅವರ ಕಿವಿಗೆ ಬಿದ್ದಿರಲಿಲ್ಲ. ಈಗ ಕೇಳುತ್ತ ಕೇಳುತ್ತ ಎಡಕ್ಕೆ ಕತ್ತು ತಿರುಗಿಸಿ, "ಯಾರಪ್ಪ ಅಲ್ಲಿ ಡೋಲಕ್ ಬಾರ್ಸಾದು" ಎಂದು ಬಗ್ಗಿ ಖಾಲಿ ಜಮಖಾನದ ಮೇಲೆ ಕೈಯಾಡಿಸಿದರು. ನೀನು ಹೇಳುತ್ತಿದ್ದ ಎಡ ಬಲ ಏನೆಂದು ನನಗೆ ಅವರ ಕೈ ನೋಡಿದ ಮೇಲೆ ತಿಳಿಯಿತು. ಉಬ್ರಾಣಿಯವರು ನನ್ನ ಹತ್ತಿರ ಬಂದು, ನಿಮ್ಮ ಸೊಸೆ ನಮ್ಮ ಮೇಳಕ್ಕೂ ಬಂದು ಕೂರುತ್ತಾರೆಯೇ ಎಂದು ಕೇಳಿದರು. ಅವಳನ್ನು ಕೇಳದೆ ಮಾತು ಕೊಡುವುದಿಲ್ಲ, ಆದರೆ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಜನ ಇದ್ದೇವೆ ಎಂದು ಹೇಳಿ ಕಳಿಸಿದ್ದೇನೆ.

ಕೆಟ್ಟುಹೋದ ಮೊದಲರ್ಧವನ್ನೂ ಅಳಿಸದೆ ಕಳಿಸುತ್ತಿದ್ದೇನೆ. ತಪ್ಪು ಯಾರದೆಂದು ಗುರು ಸುತ್ತಿ ಬಳಸಿ ಹೇಳುವ ಮುಂಚೆ ನಾನೇ ಬರೆದಿದ್ದೇನೆ. ಹೆರಿಗೆಗೆ ಹೆದರಬೇಡ. ನೋವು ಬಂದಾಗ ಹಲ್ಲು ಕಚ್ಚಿಕೊಂಡು ಸುಮ್ಮನಿರಬೇಕು ಎಂದು ನಮ್ಮ ಕಾಲದಲ್ಲಿ ಹೇಳುತ್ತಿದ್ದರು. ನೀನು ಹಾಗೇನೂ ಮಾಡಬೇಡ, ಕೂಗಬೇಕೆನಿಸಿದರೆ ಕೂಗು. ನಿಮ್ಮ ತಂದೆ ತಾಯಿಗೆ ನನ್ನ ನಮಸ್ಕಾರ ತಿಳಿಸು. ಬುಟ್ಟಿಯಲ್ಲಿ ಹೊಸ ಅವಲಕ್ಕಿ, ಉಪ್ಪು ಕಡಿಮೆ ಹಾಕಿದ ಚಕ್ಕುಲಿ, ನನ್ನ ಹಳೆಯ ಮೆತ್ತನೆ ಸೀರೆಗಳ ಮೂರು ಕೌದಿ ಇವೆ. ನೀನೂ ನಿನ್ನ ಹೊಟ್ಟೆಯ ಕೂಸೂ ನೂರು ವರ್ಷ ಗಟ್ಟಿಯಾಗಿರಿ ಎಂದು ಹರಸುವ,

ನಿನ್ನ ಅತ್ತೆ,
ಹಾಲಮ್ಮ

ತಾ.ಕ.: ಇವತ್ತು ಬುಧವಾರ, ಗುರು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ, ಇದನ್ನು ನಿಂತೇ ಬರೆಯುತ್ತಿದ್ದೇನೆ. ಹಾಡು ಮುಗಿದ ಮೇಲೆ ಪೆಟ್ಟಿಗೆ ಆರಿಸುವುದನ್ನೂ, ಕಿವಿಯಿಂದ ಮೈಕು ತೆಗೆಯುವುದನ್ನೂ ಮರೆತು ಮನೆಗೆ ನಡೆದುಬಿಟ್ಟೆ. ದಾರಿಯಲ್ಲಿ ಪ್ರಮೀಳಾ ನನ್ನ ಎಡಗಡೆ ನಡೆದಳು. ಮಗು ಆದ ಮೇಲೆ ಮಮತಾಳಿಗೆ ಈ ಹುಚ್ಚು ಬಿಡಿಸುತ್ತೀರಿ ತಾನೆ ಎಂದು ಅವಳು ಕೇಳಿದ್ದು ನಿನ್ನ ಎಡಗಿವಿಗೆ ಕೇಳುತ್ತದೆ. ಅದಕ್ಕೆ ನಾನು ಕೊಟ್ಟ ಉತ್ತರ ಎರಡೂ ಕಿವಿಗೆ ಕೇಳುತ್ತದೆ. ಗುರು ಅದನ್ನು ಕತ್ತರಿಸುತ್ತೇನೆ ಎಂದ, ಬೇಡ ಎಂದೆ. ಪಡಸಾಲೆಯಲ್ಲಿ ಹತ್ತು ಜನರ ಮುಂದೆ ಆಡಿದ ಮಾತನ್ನು ಬೀದಿಯಲ್ಲಿ ಹಿಂದೆ ತೆಗೆದುಕೊಂಡಿದ್ದೇನೆ. ಎರಡನೇ ಸಲ ಬಾಯಿಬಿಟ್ಟು ಹೇಳಲು ನನ್ನಿಂದಾಗದು, ಆದ್ದರಿಂದ ಒಬ್ಬಳೇ ಕೂತು ಹೆಡ್‌ಫೋನ್ ಹಾಕಿ ಕೇಳು. ನನ್ನ ಮಾತು ಸ್ಪಷ್ಟವಾಗಿಯೇ ಇದೆ, ಸೆರಗು ಹೊದ್ದುಕೊಳ್ಳುವುದನ್ನೂ ಮರೆತಿದ್ದೆ. ಡಬ್ಬಿಯನ್ನು ಅಟ್ಟಕ್ಕೆ ಹಾಕಿಲ್ಲ, ನನ್ನ ಬೀರುವಿನಲ್ಲಿ ಇಟ್ಟಿದ್ದೇನೆ. ಕೇಳಿದ ಮೇಲೆ ಫೋನ್ ಮಾಡು. ಗುರುವಿಗಲ್ಲ, ನನಗೆ.